ಕೊಪ್ಪಳದಿಂದ ಕಾರವಾರಕ್ಕೆ ಎರಡು ದಿನ: ಅಕ್ಕ-ತಮ್ಮ ಇಬ್ಬರೇ ಹೋಗಿ ಬರುವುದು ಹೇಗೆ

ನಮ್ಮ ಕಡೆ ಸಮುದ್ರ ನೋಡಲು ಹೋಗುವ ಪದ್ಧತಿ ಒಂದೇ. ಹದಿನಾಲ್ಕು ಜನ, ಒಂದು ಕ್ರೂಸರ್, ಮೂರು ದಿನ, ಐದು ದೇವಸ್ಥಾನ. ಗೋಕರ್ಣ, ಇಡಗುಂಜಿ, ಮುರ್ಡೇಶ್ವರ, ಕೊಲ್ಲೂರು, ಹಾಗೇ ಧರ್ಮಸ್ಥಳ. ಅಷ್ಟರಲ್ಲಿ ಸಮುದ್ರಕ್ಕೆ ಸಿಗುವುದು ಮುಕ್ಕಾಲು ತಾಸು. ಅದರಲ್ಲೂ ಅರ್ಧ ತಾಸು ಚಪ್ಪಲಿ ಕಾಯುವವರು ಯಾರು ಅನ್ನುವ ಜಗಳಕ್ಕೇ ಹೋಗುತ್ತದೆ.

ನಾನೂ ನನ್ನ ತಮ್ಮನೂ ಹಾಗೆ ಎರಡು ಸಲ ಹೋಗಿ ಬಂದವರು. ಮೂರನೇ ಸಲ ಇಬ್ಬರೇ ಹೋದೆವು. ನಾನು ಕೊಪ್ಪಳದಲ್ಲಿರುತ್ತೇನೆ, ಅವನು ತೋರಣಗಲ್ಲಿನಲ್ಲಿ ಶಿಫ್ಟ್ ಡ್ಯೂಟಿ ಮಾಡುತ್ತಾನೆ. ಹಬ್ಬಕ್ಕೆ ಸೇರಿದರೂ ಮನೆ ತುಂಬ ಜನ, ಮಾತೇ ಆಗುವುದಿಲ್ಲ. ಅದಕ್ಕೇ ಈ ಪ್ರವಾಸ. ಹೋಗಿ ಬಂದ ಮೇಲೆ ನಾಲ್ಕೈದು ಜನ "ಹೆಂಗ ಹೋದ್ರಿ, ಎಲ್ಲಿ ಇಳಕೊಂಡ್ರಿ" ಅಂತ ಕೇಳಿದರು. ಪ್ರತಿಯೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಒಂದೇ ಸಲ ಬರೆದು ಮುಗಿಸುತ್ತಿದ್ದೇನೆ. ಅಣ್ಣ-ತಂಗಿ, ಅಕ್ಕ-ತಂಗಿ, ಯಾರಿಗಾದರೂ ಇದು ನಡೆಯುತ್ತದೆ.

ಮೊದಲ ಕೆಲಸ: ಒಂದೇ ಊರು ಹಿಡಿಯಿರಿ

ಎರಡು ದಿನಕ್ಕೆ ಒಂದೇ ಊರು. ಇದರಲ್ಲಿ ಸಡಿಲ ಬಿಡಬೇಡಿ. "ಕಾರವಾರದ ತನಕ ಹೋಗಿ ಗೋಕರ್ಣ ಬಿಡೋದಾ? ಅರವತ್ತು ಕಿಲೋಮೀಟರ್ ಅಷ್ಟೇ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಇನ್ನೊಬ್ಬರು ಗೋವಾ ಗಡಿ ಪಕ್ಕದಲ್ಲೇ ಇದೆ ಅನ್ನುತ್ತಾರೆ. ಮಗದೊಬ್ಬರು ಯಲ್ಲಾಪುರದಲ್ಲಿ ಇಳಿದು ಮಾಗೋಡು ಫಾಲ್ಸ್ ನೋಡಿಕೊಂಡು ಹೋಗಿ ಅನ್ನುತ್ತಾರೆ. ಎಲ್ಲದಕ್ಕೂ ಹೂಂ ಅನ್ನಿ, ಯಾವುದನ್ನೂ ಸೇರಿಸಬೇಡಿ.

ನಾವು ಕಾರವಾರ ಆರಿಸಿದ್ದಕ್ಕೆ ಕಾರಣ ಸರಳ. ಬಸ್ ಸ್ಟ್ಯಾಂಡಿನಿಂದ ಕಡಲತೀರಕ್ಕೆ ನಡೆದೇ ಹೋಗಬಹುದು. ಜಿಲ್ಲಾ ಕೇಂದ್ರ ಆದ್ದರಿಂದ ಆಸ್ಪತ್ರೆ, ಎಟಿಎಂ, ಸಾಧಾರಣ ದರದ ಲಾಡ್ಜು ಎಲ್ಲ ಉಂಟು. ಗೋಕರ್ಣದಷ್ಟು ನೂಕುನುಗ್ಗಲು ಇಲ್ಲ.

ಇನ್ನೊಂದು ಕಾರಣವನ್ನು ನಾನು ಆಮೇಲೆ ಕಂಡುಕೊಂಡೆ. ರವೀಂದ್ರನಾಥ ಠಾಗೋರರು ಇಪ್ಪತ್ತು ದಾಟಿದ ಹೊಸತರಲ್ಲಿ ಇಲ್ಲಿಗೆ ಬಂದಿದ್ದರು. ಯಾಕೆ ಅಂದುಕೊಂಡಿರಿ? ಅಣ್ಣನ ಮನೆಗೆ! ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಐಸಿಎಸ್ ಪರೀಕ್ಷೆ ಪಾಸಾದ ಮೊದಲ ಭಾರತೀಯ ಅವರೇ. ಬೆಳದಿಂಗಳಲ್ಲಿ ಕಾಳಿ ಹೊಳೆಯ ಮೇಲೆ ದೋಣಿಯಲ್ಲಿ ಹೋಗಿದ್ದನ್ನು, ರಾತ್ರಿ ಮರಳಿನ ಮೇಲೆ ನಡೆದು ಮನೆಗೆ ಬಂದಿದ್ದನ್ನು ಠಾಗೋರರು ನೆನಪು ಮಾಡಿಕೊಂಡು ಬರೆದಿದ್ದಾರೆ. ಕಡಲತೀರಕ್ಕೆ ಈಗ ಅವರದೇ ಹೆಸರು. ನಮ್ಮ ತಮ್ಮನಿಗೆ ಇದನ್ನು ಹೇಳಿದರೆ, "ನೀ ಜಡ್ಜ್ ಆಗಿದ್ರ ನಾನೂ ಬರೀತಿದ್ದೆ ಬಿಡಕ್ಕಾ" ಅಂದ.

ತಿಂಗಳು ನೋಡಿ ಹೊರಡಿ

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಮಾರ್ಚ್ ಸಹ ನಡೆಯುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ, "ನಾವು ಕೊಪ್ಪಳದ ಬಿಸಿಲೇ ಕಂಡವರು, ಅದೇನು ಮಹಾ" ಅಂದುಕೊಂಡು ಹೋಗಬೇಡಿ. ನಮ್ಮದು ಸುಡುವ ಬಿಸಿಲು, ಅಲ್ಲಿಯದು ಬೇಯಿಸುವ ಸೆಕೆ. ಸ್ನಾನ ಮಾಡಿ ಹೊರಗೆ ಬಂದ ಹತ್ತು ನಿಮಿಷಕ್ಕೆ ಮತ್ತೆ ಅಂಗಿ ಒದ್ದೆ. ಮೇ ತಿಂಗಳಲ್ಲಿ ಹೋಗಲೇಬೇಕು ಅಂದರೆ ಒಂದೇ ಸಮಾಧಾನ, ಅಂಕೋಲಾದ ಕರಿ ಇಶಾಡ ಮಾವಿನಹಣ್ಣು. 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿದ್ದು ಇದಕ್ಕೇ.

ಜೂನ್‌ನಿಂದ ಸೆಪ್ಟೆಂಬರ್ ತನಕ ಬೇಡವೇ ಬೇಡ. ಸಮುದ್ರಕ್ಕೆ ಇಳಿಯಲು ಬಿಡುವುದಿಲ್ಲ. ಘಟ್ಟದ ರಸ್ತೆಯ ಮೇಲೆ ಗುಡ್ಡ ಕುಸಿಯುವ ಭಯ ಬೇರೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೇ ಗುಡ್ಡ ಬಿದ್ದಿದ್ದು ನೆನಪಿದೆಯಲ್ವಾ? ಮೀನಿನ ಆಸೆ ಇದ್ದವರಿಗೂ ಅದು ಕಾಲವಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ.

ಜನವರಿಯಲ್ಲಿ ಹೊರಡುವವರು ಗವಿಮಠದ ಜಾತ್ರೆಯ ದಿನಗಳನ್ನು ಬಿಟ್ಟು ನೋಡಿಕೊಳ್ಳಿ. ಆ ದಿನಗಳಲ್ಲಿ ಕೊಪ್ಪಳದ ಬಸ್ ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಮನೆಯಲ್ಲಿ ಹೇಳುವುದು

ನಿಜ ಹೇಳಬೇಕೆಂದರೆ ಎಲ್ಲಕ್ಕಿಂತ ಕಷ್ಟದ ಕೆಲಸ ಇದು. ರೈಲು, ಬಸ್ಸು, ಲಾಡ್ಜು ಎಲ್ಲ ಸುಲಭ. "ಇಬ್ಬರ ಯಾಕ ಹೊಂಟೀರಿ?" ಅನ್ನುವ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟ. ನಾನು ಹೇಳಿದ ತಕ್ಷಣ ಅವ್ವ, "ಹಂಗಾರ ಅತ್ತೀನೂ ಕರಕೊಂಡು ಹೋಗ್ರಿ, ಪಾಪ ಆಕೀನೂ ಸಮುದ್ರ ನೋಡಿಲ್ಲ" ಅಂದಳು. ಅತ್ತೆ ಬಂದರೆ ಅತ್ತೆಯ ಮೊಮ್ಮಗ ಬರುತ್ತಾನೆ. ಅಲ್ಲಿಗೆ ಕ್ರೂಸರ್ ಬಂದು ಬಾಗಿಲಿಗೆ ನಿಂತ ಹಾಗೆಯೇ.

ನಾನು ಕಂಡುಕೊಂಡ ಉಪಾಯ: ಟಿಕೆಟ್ ತೆಗೆಸಿ, ರೂಮು ಬುಕ್ ಮಾಡಿ, ಆಮೇಲೆ ಹೇಳಿ. ಮತ್ತು ಹೇಳುವಾಗಲೇ ಮನೆಯ ವ್ಯವಸ್ಥೆ ಮುಗಿಸಿರಬೇಕು. ನಾನು ಮಗನನ್ನು ಅವ್ವನ ಹತ್ತಿರ ಬಿಟ್ಟೆ. ಗಂಡನಿಗೆ ಎರಡು ದಿನಕ್ಕೆ ಆಗುವಷ್ಟು ಚಪಾತಿ ಹಿಟ್ಟು ಕಲಸಿ ಫ್ರಿಜ್‌ನಲ್ಲಿಟ್ಟೆ, ಅಷ್ಟೇ. ಅತ್ತೆಗೆ ಮಾರ್ಚ್‌ನಲ್ಲಿ ಎಲ್ಲರೂ ಸೇರಿ ಹುಲಿಗಿಗೆ ಹೋಗೋಣ ಅಂತ ಮಾತು ಕೊಟ್ಟೆ. ಮಾತು ಉಳಿಸಿಕೊಂಡೆ ಕೂಡ.

ದಾರಿ

ಕೊಪ್ಪಳದಿಂದ ಗದಗ ಮೇಲೆ ಹುಬ್ಬಳ್ಳಿಗೆ ಸುಮಾರು 115 ಕಿಲೋಮೀಟರ್. ಅಲ್ಲಿಂದ ಕಲಘಟಗಿ, ಯಲ್ಲಾಪುರ ದಾಟಿ ಅಂಕೋಲಾಕ್ಕೆ 130ರ ಆಸುಪಾಸು. ಅಂಕೋಲಾದಿಂದ ಉತ್ತರಕ್ಕೆ ತಿರುಗಿದರೆ ಕಾರವಾರ ಇನ್ನೊಂದು 35. ಒಟ್ಟು 280 ಅಂದುಕೊಳ್ಳಿ. ಬಳ್ಳಾರಿಯವರು ಹೊಸಪೇಟೆ ಮೇಲೆ ಬಂದು ಇದೇ ದಾರಿ ಸೇರುತ್ತಾರೆ. ರಾಯಚೂರಿನವರು ಸಿಂಧನೂರು, ಗಂಗಾವತಿ ಹಾದು ಬರಬೇಕು. ಅವರಿಗೆ ಮೂರೂವರೆ-ನಾಲ್ಕು ತಾಸು ಜಾಸ್ತಿ. ಅವರು ಶುಕ್ರವಾರ ಮಧ್ಯಾಹ್ನವೇ ರಜೆ ಹಾಕುವುದು ಒಳ್ಳೆಯದು.

ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ರೈಲು ಇಲ್ಲ. ಆ ಮಾರ್ಗದ ಮಾತು ದಶಕಗಳಿಂದ ಕೇಳುತ್ತಲೇ ಇದ್ದೇವೆ, ಹಳಿ ಮಾತ್ರ ಬಂದಿಲ್ಲ. ರೈಲಿನಲ್ಲೇ ಹೋಗಬೇಕು ಅಂದರೆ ವಾಸ್ಕೋ ಕಡೆಯ ಗಾಡಿ ಹಿಡಿದು, ದೂಧ್‌ಸಾಗರ್ ನೋಡಿಕೊಂಡು ಮಡಗಾಂವ್‌ನಲ್ಲಿ ಇಳಿದು, ಕೊಂಕಣ ರೈಲಿನಲ್ಲಿ ಕೆಳಗೆ ಕಾರವಾರಕ್ಕೆ ಬರಬೇಕು. ಚಂದದ ದಾರಿ, ಒಪ್ಪುತ್ತೇನೆ. ಆದರೆ ಎರಡೇ ದಿನ ಇದ್ದವರಿಗೆ ಹೇಳಿದ್ದಲ್ಲ. ಕಾರವಾರದ ರೈಲ್ವೆ ನಿಲ್ದಾಣ ಊರಿನಿಂದ ದೂರ, ಶಿರವಾಡದಲ್ಲಿದೆ. ಅಲ್ಲಿಂದ ಆಟೋ ಬೇಕು.

ಹಾಗಾಗಿ ಹುಬ್ಬಳ್ಳಿವರೆಗೆ ರೈಲು, ಮುಂದಕ್ಕೆ ಬಸ್ಸು. ಶುಕ್ರವಾರ ತಮ್ಮ ಮೊದಲ ಶಿಫ್ಟ್ ಮುಗಿಸಿ ತೋರಣಗಲ್ಲಿನಲ್ಲಿ ರೈಲು ಹತ್ತಿದ. ನಾನು ಅದೇ ಗಾಡಿಗೆ ಕೊಪ್ಪಳದಲ್ಲಿ ಹತ್ತಿದೆ. ಬೋಗಿ ನಂಬರ್ ಮೊದಲೇ ಕೇಳಿಟ್ಟುಕೊಳ್ಳಿ. ಇಲ್ಲದಿದ್ದರೆ ಗಾಡಿ ಬಿಡುವ ಹೊತ್ತಿಗೆ ಪ್ಲಾಟ್‌ಫಾರ್ಮ್ ತುಂಬ ಓಡಬೇಕಾಗುತ್ತದೆ, ನಾನು ಓಡಿದ ಹಾಗೆ. ಹುಬ್ಬಳ್ಳಿಯಲ್ಲಿ ಇಳಿದ ಮೇಲಂತೂ ಕೇಳಲೇಬೇಡಿ. ಒಂದೂವರೆ ಕಿಲೋಮೀಟರ್ ಉದ್ದದ ಪ್ಲಾಟ್‌ಫಾರ್ಮ್, ಜಗತ್ತಿನಲ್ಲೇ ಉದ್ದ. ಅದರ ತುದಿಗೆ ನಿಮ್ಮ ಬೋಗಿ ಬಂದು ನಿಂತರೆ ಪ್ರವಾಸದ ಮೊದಲ ವಾಕಿಂಗ್ ಅಲ್ಲೇ ಆಗುತ್ತದೆ.

ಶುಕ್ರವಾರ ರಾತ್ರಿಯೇ ಬಸ್ ಹತ್ತಬಹುದು. ನನ್ನ ಸಲಹೆ, ಹತ್ತಬೇಡಿ. ರಾತ್ರಿ ಬಸ್ಸು ನಸುಕಿನ ಮೂರು-ನಾಲ್ಕಕ್ಕೆ ನಿಮ್ಮನ್ನು ಇಳಿಸಿಬಿಡುತ್ತದೆ. ಲಾಡ್ಜಿನವರು ಮಧ್ಯಾಹ್ನದ ತನಕ ರೂಮು ಕೊಡುವುದಿಲ್ಲ. ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಸೊಳ್ಳೆ ಹೊಡೆಯಬೇಕು. ಹುಬ್ಬಳ್ಳಿಯಲ್ಲಿ ನಂಟರ ಮನೆ ಇಲ್ಲದ ಕೊಪ್ಪಳದವರು ಯಾರಿದ್ದಾರೆ? ಅಲ್ಲೇ ಮಲಗಿ, ಬೆಳಗಿನ ಮೊದಲ ಬಸ್ಸುಗಳಲ್ಲಿ ಒಂದನ್ನು ಹಿಡಿಯಿರಿ. ಘಟ್ಟ ಹಗಲಿನಲ್ಲಿ ಇಳಿದರೇ ಚಂದ. ಹತ್ತು-ಹನ್ನೊಂದಕ್ಕೆ ಕಾರವಾರದಲ್ಲಿರುತ್ತೀರಿ.

ಟಿಕೆಟ್, ಶಕ್ತಿ, ಮತ್ತು ತಮ್ಮನ ಮುನಿಸು

2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಕೊಪ್ಪಳದ ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸಿಗೂ ಅದೇ, ಹುಬ್ಬಳ್ಳಿ-ಕಾರವಾರದ ವಾಯವ್ಯ ಸಾರಿಗೆ ಬಸ್ಸಿಗೂ ಅದೇ. ಆಧಾರ್ ಜೊತೆಗಿರಲಿ, ವಿಳಾಸ ಕರ್ನಾಟಕದ್ದಿರಬೇಕು. ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗೆ ಇದು ನಡೆಯುವುದಿಲ್ಲ. ಕಾರವಾರದಿಂದ ಗಡಿ ದಾಟಿ ಗೋವಾಕ್ಕೆ ಹೋಗುವ ಬಸ್ಸಿಗೂ ಇಲ್ಲ.

ಅಂದರೆ ಅಕ್ಕ-ತಂಗಿ ಇಬ್ಬರೂ ಹೋದರೆ ಬಸ್ಸಿನ ಖರ್ಚು ಸೊನ್ನೆ. ಅಕ್ಕ-ತಮ್ಮ ಹೋದರೆ ತಮ್ಮನದಷ್ಟೇ. ಕಂಡಕ್ಟರ್ ನನಗೆ ಶೂನ್ಯದ ಟಿಕೆಟ್ ಹರಿದು ಕೊಟ್ಟು ಅವನ ಕಡೆ ಕೈ ಚಾಚಿದಾಗ ಅವನ ಮುಖ ನೋಡಬೇಕಿತ್ತು. "ನೀ ದುಡಿಯಾಕಿ, ನಿನಗ ಪುಕ್ಕಟೆ!" ಅಂತ ಯಲ್ಲಾಪುರದ ತನಕ ಗೊಣಗಿದ.

ದುಡ್ಡಿನ ವಿಷಯಕ್ಕೆ ಒಂದು ವ್ಯವಸ್ಥೆ ಹೇಳುತ್ತೇನೆ. ಒಡಹುಟ್ಟಿದವರ ನಡುವೆ "ನಾ ಕೊಡ್ತೀನಿ, ನೀ ಕೊಡಬ್ಯಾಡ" ಅನ್ನುವ ಎಳೆದಾಟ ಇರುತ್ತದಲ್ಲ, ಅದು ಪ್ರೀತಿಯಿಂದ ಶುರುವಾಗಿ ಸಿಟ್ಟಿನಲ್ಲಿ ಮುಗಿಯುತ್ತದೆ. ಹೊರಡುವ ಮೊದಲೇ ಇಬ್ಬರೂ ಸಮಾ ಹಾಕಿ ಒಂದು ಪರ್ಸು ಮಾಡಿ. ನಾವು ತಲಾ ಮೂರು ಸಾವಿರ ಹಾಕಿದೆವು. ಊಟ, ಆಟೋ, ರೂಮು ಎಲ್ಲ ಅದರಿಂದಲೇ. ಪರ್ಸು ಒಬ್ಬರ ಕೈಯಲ್ಲಿ, ಟಿಕೆಟ್ಟು-ಕಾಗದ ಇನ್ನೊಬ್ಬರ ಕೈಯಲ್ಲಿ. ಅರ್ಧದಷ್ಟಾದರೂ ನಗದು ಇರಲಿ. ಘಟ್ಟದಲ್ಲಿ ನೆಟ್‌ವರ್ಕ್ ಹೋದರೆ ಯುಪಿಐ ಬರೀ ಸುತ್ತುತ್ತಲೇ ಇರುತ್ತದೆ.

ರೂಮು: ಪ್ಯಾನ್ ಕಾರ್ಡ್ ಒಯ್ಯಿರಿ

ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಗಂಡು-ಹೆಣ್ಣು ಇಬ್ಬರೇ ಹೋಗಿ ಒಂದೇ ರೂಮು ಕೇಳಿದರೆ ಕೌಂಟರ್‌ನಲ್ಲಿ ಕೂತವರು ಒಂದು ಥರ ನೋಡುತ್ತಾರೆ. "ಅಕ್ಕ-ತಮ್ಮ" ಅಂದರೆ ಇನ್ನೂ ಜಾಸ್ತಿ ನೋಡುತ್ತಾರೆ. ನನ್ನ ಆಧಾರ್‌ನಲ್ಲಿ ಗಂಡನ ಹೆಸರು, ಗಂಡನ ಮನೆಯ ವಿಳಾಸ. ಅವನದರಲ್ಲಿ ಬೇರೆ ವಿಳಾಸ. ಇಬ್ಬರ ಹೆಸರಿನ ಮುಂದಿನ ಅಡ್ಡಹೆಸರೂ ಬೇರೆ. ಮೊದಲು ಹೋದ ಒಂದು ಲಾಡ್ಜಿನಲ್ಲಿ ಎರಡೂ ಕಾರ್ಡು ತಿರುಗಿಸಿ ತಿರುಗಿಸಿ ನೋಡಿ, "ರೂಮು ಖಾಲಿ ಇಲ್ಲ ಮೇಡಂ" ಅಂದರು. ಹಿಂದಿನ ಬೋರ್ಡಿನಲ್ಲಿ ಬೀಗದ ಕೈಗಳು ಸಾಲಾಗಿ ನೇತಾಡುತ್ತಿದ್ದವು.

ಎರಡನೇ ಕಡೆ ಹೋಗುವಾಗ ನೆನಪಾಯಿತು. ಪ್ಯಾನ್ ಕಾರ್ಡ್‌ನಲ್ಲಿ ಅಪ್ಪನ ಹೆಸರು ಇರುತ್ತದೆ! ಮದುವೆಯಾದರೂ ಅಲ್ಲಿ ಗಂಡನ ಹೆಸರು ಬರುವುದಿಲ್ಲ. ಇಬ್ಬರ ಪ್ಯಾನ್ ಕಾರ್ಡ್ ಪಕ್ಕಪಕ್ಕ ಇಟ್ಟೆವು. ಅಪ್ಪಾಜಿ ಹೆಸರು ಎರಡರಲ್ಲೂ. ಕೌಂಟರ್‌ನಲ್ಲಿದ್ದ ಹಿರಿಯರು ಕನ್ನಡಕ ಏರಿಸಿ ಎರಡೂ ಓದಿ, "ಮುಖ ಒಂದೇ ಥರ ಉಂಟಲ್ಲ ಮಾರಾಯ್ರೆ, ಕಾರ್ಡು ಎಂತಕ್ಕೆ?" ಅಂದು ಕೀ ಕೊಟ್ಟರು. ಫೋನ್ ಮಾಡಿ ಬುಕ್ ಮಾಡುವಾಗಲೇ "ಒಡಹುಟ್ಟಿದವರು, ಎರಡು ಬೇರೆ ಮಂಚ ಬೇಕು" ಅಂತ ಹೇಳಿಬಿಟ್ಟರೆ ಇನ್ನೂ ಒಳ್ಳೆಯದು.

ಫೋಟೋ ನೋಡಿ "ಸೀ ವ್ಯೂ" ಅಂತ ಜಾಸ್ತಿ ದುಡ್ಡು ಕೊಡಬೇಡಿ. ನಮ್ಮ ಪರಿಚಯದವರೊಬ್ಬರಿಗೆ ಸಿಕ್ಕ ಸೀ ವ್ಯೂ, ಟೆರೇಸ್ ಹತ್ತಿ ನೀರಿನ ಟ್ಯಾಂಕ್ ಪಕ್ಕ ತುದಿಗಾಲಲ್ಲಿ ನಿಂತರೆ ಕಾಣುತ್ತಿತ್ತಂತೆ. ಸಮುದ್ರ ಹೇಗೂ ನಡೆದುಹೋಗುವಷ್ಟು ಹತ್ತಿರ. ನೀವು ಕೇಳಬೇಕಾದ್ದು ಬೇರೆ. ಕಿಟಕಿ ತೆಗೆಯಲು ಬರುತ್ತದಾ, ಕಿಟಕಿಗೆ ಸೊಳ್ಳೆ ಜಾಲಿ ಇದೆಯಾ, ಒದ್ದೆ ಬಟ್ಟೆ ಹಾಕಲು ಹಗ್ಗ ಇದೆಯಾ.

ಚೀಲದಲ್ಲಿ ಏನಿರಬೇಕು

ಇಬ್ಬರಿಗೂ ಸೇರಿ ಎರಡು ಬೆನ್ನಚೀಲ ಸಾಕು. ತೆಳು ಹತ್ತಿ ಬಟ್ಟೆ, ಎರಡು ಟವೆಲ್, ರಬ್ಬರ್ ಚಪ್ಪಲಿ, ಒದ್ದೆ ಬಟ್ಟೆಗೆ ದಪ್ಪ ಪ್ಲಾಸ್ಟಿಕ್ ಚೀಲ. ಜೀನ್ಸ್ ಹಾಕಿಕೊಂಡು ನೀರಿಗೆ ಇಳಿಯಬೇಡಿ. ಅದು ನೀರು ಕುಡಿದು ಕಾಲಿಗೆ ಕಲ್ಲು ಕಟ್ಟಿದ ಹಾಗಾಗುತ್ತದೆ, ಮರುದಿನಕ್ಕೂ ಒಣಗುವುದಿಲ್ಲ. ಚೂಡಿದಾರ್ ಆದರೆ ವೇಲ್ ರೂಮಿನಲ್ಲೇ ಬಿಡಿ. ಸರ, ಉಂಗುರ, ಕಾಲುಂಗುರ ಮನೆಯಲ್ಲೇ ಇರಲಿ. ತಾಳಿ ತೆಗೆಯಲು ಮನಸ್ಸು ಒಪ್ಪದವರು ಬ್ಲೌಸಿಗೋ ಟಾಪಿಗೋ ಒಳಗಡೆ ಪಿನ್ ಹಾಕಿಕೊಳ್ಳಿ.

ಬುತ್ತಿ ಕಟ್ಟಿಕೊಳ್ಳಿ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಒಂದು ಡಬ್ಬಿ. ಅಲ್ಲಿ ಊಟ ಸಿಗುವುದಿಲ್ಲ ಅಂತಲ್ಲ. ಕುಚ್ಚಲಕ್ಕಿ ಅನ್ನವನ್ನು ಎರಡು ಹೊತ್ತು ಉಂಡ ಮೇಲೆ ಜೋಳದ ರೊಟ್ಟಿಯ ಹೊಟ್ಟೆ ಏನೋ ಕೇಳಲು ಶುರು ಮಾಡುತ್ತದೆ. ಒಂದು ಎಚ್ಚರಿಕೆ: ಕಟಕ ರೊಟ್ಟಿ ಕಡಲ ಗಾಳಿಗೆ ಒಂದೇ ರಾತ್ರಿಗೆ ಮೆತ್ತಗಾಗುತ್ತದೆ. ಗಾಳಿ ಹೋಗದ ಡಬ್ಬಿಯಲ್ಲಿಡಿ.

ಘಟ್ಟ ಇಳಿಯುವಾಗ

ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಟ್ಟ. ನಮ್ಮ ನೆಟ್ಟಗಿನ ರಸ್ತೆಗಳಿಗೆ ಒಗ್ಗಿದ ಹೊಟ್ಟೆ ಅಲ್ಲಿ ಕೈಕೊಡುತ್ತದೆ. ತಮ್ಮ ಹಿಂದಿನ ರಾತ್ರಿ ಹುಬ್ಬಳ್ಳಿಯಲ್ಲಿ ಗಿರ್ಮಿಟ್ ಜೊತೆ ನಾಲ್ಕು ಮಿರ್ಚಿ ತಿಂದಿದ್ದ. ಬೆಳಿಗ್ಗೆ ಬಸ್ಸಿನಲ್ಲಿ ಫೋನ್ ನೋಡುತ್ತಾ ಕೂತಿದ್ದ. ಮೂರನೇ ತಿರುವಿಗೆ ಮುಖ ಬಿಳಿಚಿಕೊಂಡಿತು. ಉಳಿದದ್ದು ಬರೆಯುವುದಿಲ್ಲ.

ಹಿಂದಿನ ಚಕ್ರದ ಮೇಲಿನ ಸೀಟು ಬಿಟ್ಟು ಮುಂದೆ ಕೂರಿ. ಫೋನ್ ಒಳಗಿಡಿ. ದೂರದ ರಸ್ತೆ ನೋಡಿ. ಕಿವಿಯ ಒಳಗಿನ ಸಮತೋಲದ ಅಂಗ ದೇಹ ಅಲುಗಾಡುತ್ತಿದೆ ಅನ್ನುತ್ತದೆ, ಕಣ್ಣು ಫೋನ್ ನೋಡುತ್ತಾ ಎಲ್ಲ ನಿಂತಲ್ಲೇ ಇದೆ ಅನ್ನುತ್ತದೆ. ಈ ಎರಡರ ಜಗಳಕ್ಕೇ ವಾಂತಿ ಬರುವುದು. ಹೊಟ್ಟೆ ತೀರಾ ಖಾಲಿಯೂ ಬೇಡ, ಎರಡು ಇಡ್ಲಿ ಸಾಕು. ಮೊದಲಿಂದಲೂ ತೊಂದರೆ ಇದ್ದವರು ಔಷಧ ಅಂಗಡಿಯಲ್ಲಿ ಕೇಳಿ ಮಾತ್ರೆ ತೆಗೆದುಕೊಳ್ಳಿ. ಅದನ್ನು ಬಸ್ ಹತ್ತುವ ಮೊದಲೇ ನುಂಗಬೇಕು. ಘಟ್ಟ ಶುರುವಾದ ಮೇಲೆ ನುಂಗಿದರೆ ಅದೂ ಹೊರಗೇ ಬರುತ್ತದೆ.

ಶನಿವಾರ

ಮಧ್ಯಾಹ್ನ ಊಟ ಮಾಡಿ ಒಂದು ತಾಸು ಮಲಗಿ. ಮೂರು ಗಂಟೆಯ ಬಿಸಿಲಿಗೆ ಮರಳಿನ ಮೇಲೆ ಕಾಲಿಡಲು ಆಗುವುದಿಲ್ಲ. ನಾಲ್ಕಕ್ಕೆ ಹೊರಡಿ. ಕಡಲತೀರದಲ್ಲೇ ಐಎನ್ಎಸ್ ಚಾಪಲ್ ಅನ್ನುವ ಯುದ್ಧನೌಕೆಯನ್ನು ದಡಕ್ಕೆ ತಂದು ಮ್ಯೂಸಿಯಂ ಮಾಡಿದ್ದಾರೆ. ರಷ್ಯಾದಲ್ಲಿ ತಯಾರಾದ ಕ್ಷಿಪಣಿ ದೋಣಿ. ಒಳಗೆ ಓಡಾಡಿದರೆ ತಲೆ ಎರಡು ಸಲ ತಾಗುತ್ತದೆ, ಅಷ್ಟು ಇಕ್ಕಟ್ಟು. ಪಕ್ಕದಲ್ಲೇ ಟುಪೊಲೆವ್ 142, ಸಬ್‌ಮರೀನ್ ಹುಡುಕುವ ದೊಡ್ಡ ವಿಮಾನ. ನೌಕಾಪಡೆಯಲ್ಲಿ ಅದು 2017ರ ತನಕ ಹಾರಿತ್ತು. ಸ್ಟೀಲ್ ಫ್ಯಾಕ್ಟರಿಯ ತಮ್ಮ ಅದರ ಹೊಟ್ಟೆಯ ಕೆಳಗೆ ನಿಂತು ರಿವೆಟ್ ಎಣಿಸುತ್ತಿದ್ದ. ನನಗೆ ಹತ್ತು ನಿಮಿಷ ಸಾಕಾಗಿತ್ತು. ನಾನು ಹೋಗಿ ಮರಳಿನ ಮೇಲೆ ಕೂತೆ. ಇಬ್ಬರೇ ಹೋದಾಗ ಎಲ್ಲವನ್ನೂ ಜೊತೆಯಲ್ಲೇ ನೋಡಬೇಕು ಅನ್ನುವ ಹಟ ಬೇಡ.

ಆಮೇಲೆ ಸಮುದ್ರ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ನಮ್ಮ ಕಡೆಯ ಹುಡುಗರು ಎಡದಂಡೆ ಕಾಲುವೆಯಲ್ಲಿ ಈಜು ಕಲಿತವರು. ಈಜು ಬರುತ್ತದೆ ಅನ್ನುವ ಧೈರ್ಯ ಇರುತ್ತದೆ. ಕಾಲುವೆಯ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ. ಸಮುದ್ರದ ಅಲೆ ದಡಕ್ಕೆ ಬಂದು ಒಡೆದ ಮೇಲೆ ಆ ನೀರು ವಾಪಸ್ ಹೋಗಲೇಬೇಕಲ್ವಾ? ಕೆಲವು ಕಡೆ ಅದು ಒಂದೇ ಕಿರಿದಾದ ಜಾಗ ಹಿಡಿದು ಜೋರಾಗಿ ಒಳಕ್ಕೆ ಹೋಗುತ್ತದೆ. ಅದೇ ಸೆಳೆತ. ಗುರುತು ಹಿಡಿಯುವುದು ಹೀಗೆ: ಎಡಕ್ಕೂ ಬಲಕ್ಕೂ ಅಲೆ ಒಡೆದು ನೊರೆ ಏಳುತ್ತಿರುತ್ತದೆ, ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ನೀರು ಶಾಂತ. "ಇಲ್ಲಿ ಅಲೆ ಕಮ್ಮಿ" ಅಂತ ನಮ್ಮಂಥವರು ಸರಿಯಾಗಿ ಅಲ್ಲೇ ಇಳಿಯುತ್ತೇವೆ.

ಸೆಳೆತಕ್ಕೆ ಸಿಕ್ಕರೆ ದಡದ ಕಡೆ ಈಜಬೇಡಿ. ಎಂಥ ಗಟ್ಟಿ ಈಜುಗಾರನೂ ಸೋಲುತ್ತಾನೆ. ದಡಕ್ಕೆ ಸಮಾನಾಂತರವಾಗಿ, ಅಡ್ಡಕ್ಕೆ ಈಜಿ ಆ ಪಟ್ಟಿಯಿಂದ ಹೊರಬನ್ನಿ, ಆಮೇಲೆ ದಡಕ್ಕೆ ತಿರುಗಿ. ಈಜು ಬಾರದವರಿಗೆ ಒಂದೇ ನಿಯಮ, ಮೊಣಕಾಲಿನಿಂದ ಮೇಲೆ ನೀರು ಬರಬಾರದು. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರಕ್ಕೆ ಶಾಲೆಯ ಪ್ರವಾಸ ಬಂದಿದ್ದ ಮುಳಬಾಗಿಲಿನ ನಾಲ್ಕು ಹುಡುಗಿಯರು ನೀರುಪಾಲಾದರು. ಒಳನಾಡಿನ ಮಕ್ಕಳು, ನಮ್ಮ ಹಾಗೆ. ಲೈಫ್‌ಗಾರ್ಡ್ ಸೀಟಿ ಊದಿದರೆ ಅಲ್ಲಿ ವಾದ ಬೇಡ.

ಇನ್ನೊಂದು, ಉಬ್ಬರ-ಇಳಿತದ ಹೊತ್ತು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನದಕ್ಕೆ ಹನ್ನೆರಡೂವರೆ ತಾಸಿನಷ್ಟು. ಅದಕ್ಕೇ ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ-ಹುಣ್ಣಿಮೆ ಸುತ್ತ ನೀರು ಜಾಸ್ತಿ ಏರುತ್ತದೆ. ಇದು ಗೊತ್ತಿಲ್ಲದೆ ನಾವು ಚಪ್ಪಲಿಯನ್ನು ಒಣ ಮರಳಿನ ಮೇಲೆ ಬಿಟ್ಟು ಭೇಲ್ ತಿನ್ನಲು ಹೋದೆವು. ಬಂದು ನೋಡಿದರೆ ಮರಳೂ ಒಣಗಿಲ್ಲ, ಚಪ್ಪಲಿಯೂ ಇಲ್ಲ. ನನ್ನದು ಒಂದು ಸಿಕ್ಕಿತು, ಬಲಗಾಲಿನದು.

ಡಿಸೆಂಬರ್‌ನಲ್ಲಿ ಆರು ದಾಟಿದ ಕೂಡಲೇ ಸೂರ್ಯ ಮುಳುಗುತ್ತಾನೆ. ಫೋಟೋ ನಾಲ್ಕು ಸಾಕು. ಜನ ಎದ್ದು ಹೋದ ಮೇಲೂ ಕೂತಿರಿ. ನಾವು ಅಲ್ಲೇ ಕತ್ತಲಾಗುವ ತನಕ ಕೂತು ಅವ್ವನ ಮಂಡಿಯ ಬಗ್ಗೆ ಮಾತಾಡಿದೆವು. ಆಪರೇಷನ್ ಯಾವಾಗ, ಯಾರ ಮನೆಯಲ್ಲಿ ಇರಬೇಕು, ಯಾರು ರಜೆ ಹಾಕಬೇಕು. ಆರು ತಿಂಗಳಿಂದ ಫೋನಿನಲ್ಲಿ ಮುಂದೂಡುತ್ತಿದ್ದ ಮಾತು. ಮುಖ ಕಾಣದಷ್ಟು ಕತ್ತಲಾದಾಗ ತಮ್ಮ, "ನನ್ನ ಕಡೆ ಇರ್ಲಿ ಅಕ್ಕಾ, ನೀ ಮೊದಲ ಹದಿನೈದು ದಿನ ಬಾ ಸಾಕು" ಅಂದ.

ಮೀನು

ತಿನ್ನುವವರಿಗೆ ಮಾತ್ರ ಈ ಭಾಗ. ಉಳಿದವರಿಗೆ ಕಾರವಾರದಲ್ಲಿ ಸಸ್ಯಾಹಾರಿ ಖಾನಾವಳಿಗಳೂ ಇವೆ.

ನಮಗೆ ಗೊತ್ತಿರುವುದು ಹೊಳೆಯ ಮೀನು, ಡ್ಯಾಮಿನ ಮೀನು. ಕಡಲ ಮೀನಿನ ವಾಸನೆಯೂ ರುಚಿಯೂ ಬೇರೆ. ಮೊದಲ ಸಲಕ್ಕೆ ಮೀನಿನ ಥಾಳಿ ಹೇಳಿ. ಅನ್ನ, ತೆಂಗಿನಕಾಯಿ ರುಬ್ಬಿದ ಮೀನಿನ ಸಾರು, ಒಂದು ಹುರಿದ ಬಂಗುಡೆ, ಸೋಲ್ ಕಡಿ. ಬಂಗುಡೆಯನ್ನು ಕೋಳಿಯ ಹಾಗೆ ಮುರಿಯಬೇಡಿ. ಬೆನ್ನಿನ ಉದ್ದಕ್ಕೂ ಹೆಬ್ಬೆರಳಿನಿಂದ ಒತ್ತಿ ಮೇಲಿನ ಮಾಂಸವನ್ನು ಒಂದೇ ಪದರವಾಗಿ ಎಬ್ಬಿಸಿ. ಆಗ ನಡುವಿನ ಮುಳ್ಳಿನ ಸಾಲು ಬಾಚಣಿಕೆಯ ಹಾಗೆ ಕಾಣುತ್ತದೆ. ತಲೆಯ ಕಡೆಯಿಂದ ಹಿಡಿದು ಎತ್ತಿದರೆ ಪೂರ್ತಿ ಬರುತ್ತದೆ. ಹೊಟ್ಟೆಯ ಕಡೆ ಸಣ್ಣ ಮುಳ್ಳು ಉಳಿದಿರುತ್ತವೆ, ಬೆರಳಲ್ಲಿ ಸವರಿ ನೋಡಿ. ಗಂಟಲಿಗೆ ಸಿಕ್ಕಿದರೆ ಒಣ ಅನ್ನದ ಉಂಡೆ ನುಂಗಿ ಅನ್ನುತ್ತಾರೆ. ಅದು ಮುಳ್ಳನ್ನು ಇನ್ನೂ ಒಳಗೆ ತಳ್ಳಬಹುದು. ಚುಚ್ಚುವುದು ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ.

ಸೋಲ್ ಕಡಿ ಅಂದರೆ ಮುರುಗಲ ಹಣ್ಣಿನ ಸಿಪ್ಪೆ, ತೆಂಗಿನ ಹಾಲು, ಬೆಳ್ಳುಳ್ಳಿ. ಗುಲಾಬಿ ಬಣ್ಣ ನೋಡಿ ತಮ್ಮ ಸಿಹಿ ಅಂದುಕೊಂಡು ಒಂದೇ ಗುಟುಕಿಗೆ ಕುಡಿದ. ಆಮೇಲೆ ಮೂರು ಲೋಟ ಕೇಳಿ ಕುಡಿದ, ಆ ಮಾತು ಬೇರೆ.

ಪಾಪ್ಲೆಟ್, ಇಸ್ವಾಣ, ಸಿಗಡಿಯಂಥವಕ್ಕೆ ಮೆನುವಿನಲ್ಲಿ ಬೆಲೆಯ ಜಾಗ ಖಾಲಿ ಇದ್ದರೆ "ಇವತ್ತು ಎಷ್ಟು?" ಅಂತ ಹೇಳುವ ಮೊದಲೇ ಕೇಳಿ. ಮೀನಿನ ಗಾತ್ರ ನೋಡಿ ದರ ಹೇಳುವುದು ಅಲ್ಲಿ ರೂಢಿ. ನಾಚಿಕೆ ಪಟ್ಟರೆ ಪರ್ಸು ಅರ್ಧ ಖಾಲಿ. ಅಲ್ಲಿಯವರು ತಮ್ಮೊಳಗೆ ಕೊಂಕಣಿ ಮಾತಾಡುತ್ತಾರೆ, ನಿಮ್ಮ ಜೊತೆ ಕನ್ನಡದಲ್ಲೇ. ನಮ್ಮ ಮಾತು ಕೇಳಿದ ಕೂಡಲೇ "ಘಟ್ಟದ ಮೇಲಿನವರಾ?" ಅಂತ ಕೇಳುತ್ತಾರೆ.

ಭಾನುವಾರ ಬೆಳಿಗ್ಗೆ

ಬೇಗ ಏಳಿ. ಸೂರ್ಯ ನಿಮ್ಮ ಬೆನ್ನ ಹಿಂದೆ ಹುಟ್ಟುತ್ತಾನೆ, ಅದಕ್ಕಲ್ಲ. ರಂಪಣಿ ಬಲೆ ಎಳೆಯುವುದು ಸಿಕ್ಕರೆ ಸಿಗಲಿ ಅಂತ. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರದ ಹಾಗೆ ಕಡಲಲ್ಲಿ ಬಿಟ್ಟು ಬರುತ್ತಾರೆ. ಎರಡೂ ತುದಿಯ ಹಗ್ಗ ಹಿಡಿದು ದಡದಲ್ಲಿ ಎರಡು ಸಾಲು ಜನ ಎಳೆಯುತ್ತಾರೆ. ನಾವು ನೋಡುತ್ತಾ ನಿಂತಿದ್ದೆವು. ಒಬ್ಬರು ಹಿರಿಯರು ತಮ್ಮನ ಕಡೆ ತಲೆ ಆಡಿಸಿ ಕರೆದರು. ಇವನು ಚಪ್ಪಲಿ ಬಿಟ್ಟು ಸೇರಿಕೊಂಡ. ಒದ್ದೆ ಹಗ್ಗ, ಮರಳು ಹತ್ತಿ ಉಪ್ಪು ಕಾಗದದ ಹಾಗೆ ಒರಟು. ಒಂದು ಹೆಜ್ಜೆ ಹಿಂದಕ್ಕೆ, ಉಸಿರು, ಮತ್ತೊಂದು ಹೆಜ್ಜೆ. "ಅಕ್ಕಾ, ಗವಿಮಠದ ತೇರಿನ ಮಿಣಿ ಎಳದಂಗ ಐತಿ" ಅಂತ ಕೂಗಿದ. ಕೊನೆಗೆ ಬಲೆ ದಡಕ್ಕೆ ಬಂದಾಗ ಒಳಗೆ ಬೆಳ್ಳಿ ಪುಡಿ ಸುರಿದಂತೆ ಸಣ್ಣ ಮೀನು, ಒಂದಿಷ್ಟು ಏಡಿ. ಅಂಗೈ ಎರಡು ದಿನ ಉರಿಯಿತು. ನೀವೂ ಸೇರುವುದಾದರೆ ಅವರು ಕರೆದ ಮೇಲೇ ಸೇರಿ. ಅದು ಅವರ ಅವತ್ತಿನ ಅನ್ನ, ನಮ್ಮ ಫೋಟೋಗಾಗಿ ಇರುವುದಲ್ಲ.

ಆಮೇಲೆ ಒಂದೇ ಜಾಗ ಆರಿಸಿ. ಕಾಳಿ ಸೇತುವೆ ದಾಟಿದರೆ ಸದಾಶಿವಗಡ. ಗುಡ್ಡದ ಮೇಲಿಂದ ಕಾಳಿ ಸಮುದ್ರ ಸೇರುವುದು ಪೂರ್ತಿ ಕಾಣುತ್ತದೆ. ಹಳೆಯ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿಯಿತು. ಓಡಾಟ ಹೊಸ ಸೇತುವೆಯ ಮೇಲೆ. ನಡೆಯುವ ಹುಮ್ಮಸ್ಸಿದ್ದರೆ ಮಾಜಾಳಿ ಕಡೆಯ ತಿಳಮಾತಿ. ಅಲ್ಲಿಯ ಮರಳು ಕರಿ ಎಳ್ಳು ಚೆಲ್ಲಿದ ಹಾಗೆ, ಹೆಸರಿಗೂ ಎಳ್ಳಿನ ಮಣ್ಣು ಅಂತಲೇ ಅರ್ಥ. ಸಣ್ಣ ಗುಡ್ಡ ಹತ್ತಿ ಇಳಿಯಬೇಕು, ನೀರು ಒಯ್ಯಿರಿ. ಅಲ್ಲಿ ಅಂಗಡಿ ಹುಡುಕಬೇಡಿ.

ದ್ವೀಪಕ್ಕೆ ದೋಣಿ ಹತ್ತುವವರು ಲೈಫ್ ಜಾಕೆಟ್ ಇಲ್ಲದ ದೋಣಿ ಹತ್ತಬೇಡಿ. ಜನ ಜಾಸ್ತಿ ಅನಿಸಿದರೆ ಇಳಿದುಬಿಡಿ, ದುಡ್ಡು ಹೋದರೆ ಹೋಗಲಿ. 2019ರ ಜನವರಿಯಲ್ಲಿ ಕೂರ್ಮಗಡ ದ್ವೀಪದ ಜಾತ್ರೆಯಿಂದ ವಾಪಸ್ ಬರುತ್ತಿದ್ದ ದೋಣಿ ಮಗುಚಿ ಹದಿನೈದಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹಾವೇರಿ ಕಡೆಯವರೂ ಇದ್ದರು.

ವಾಪಸ್

ಭಾನುವಾರ ಕಾರವಾರದಲ್ಲಿ ಸಂತೆ. ಒಣಮೀನು ತರುವ ಆಸೆಯಾದರೆ ಮೂರು ಪದರ ಪ್ಲಾಸ್ಟಿಕ್, ಅದರ ಮೇಲೆ ಪೇಪರ್, ಅದರ ಮೇಲೆ ಮುಚ್ಚಳದ ಡಬ್ಬಿ. ನಾವು ಎರಡೇ ಪದರ ಸುತ್ತಿದ್ದೆವು. ಕಲಘಟಗಿ ಬರುವ ಹೊತ್ತಿಗೆ ಹಿಂದಿನ ಸೀಟಿನ ಅಜ್ಜಿ, "ಯಾರದವ್ವ ಅದು?" ಅಂತ ಬಸ್ಸಿಗೆಲ್ಲ ಕೇಳುವಂತೆ ವಿಚಾರಿಸಿದಳು. ಇಬ್ಬರೂ ಕಿಟಕಿಯ ಆಚೆ ನೋಡಿದೆವು.

ಮಧ್ಯಾಹ್ನ ಒಂದರೊಳಗೆ ಕಾರವಾರ ಬಿಡಿ. ಸಂಜೆ ಆರಕ್ಕೆ ಹುಬ್ಬಳ್ಳಿ, ರಾತ್ರಿ ಒಂಬತ್ತೂವರೆಗೆ ಕೊಪ್ಪಳ. ಭಾನುವಾರ ಸಂಜೆ ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ರಶ್ ಇದ್ದೇ ಇರುತ್ತದೆ, ರೈಲಿನ ಟಿಕೆಟ್ ಮೊದಲೇ ತೆಗೆದಿಟ್ಟರೆ ಆರಾಮ. ತಮ್ಮ ಸೋಮವಾರ ಎರಡನೇ ಶಿಫ್ಟ್ ಹಾಕಿಸಿಕೊಂಡಿದ್ದ. ಶಿಫ್ಟ್ ಇದ್ದವರು ಹಾಗೇ ಮಾಡಿ.

ಮನೆಗೆ ಬಂದ ಮೇಲೆ ಚೀಲವನ್ನು ಒಳಗೆ ಒಯ್ಯಬೇಡಿ. ಅಂಗಳದಲ್ಲೇ ತಲೆಕೆಳಗು ಮಾಡಿ ಜಾಡಿಸಿ. ಬಟ್ಟೆಯನ್ನು ಸೋಪು ಹಾಕುವ ಮೊದಲು ಬರೀ ಸಿಹಿನೀರಿನಲ್ಲಿ ಎರಡು ಸಲ ಅದ್ದಿ ತೆಗೆಯಿರಿ, ಉಪ್ಪು ಹೋಗದಿದ್ದರೆ ಸೋಪಿನ ನೊರೆ ಬರುವುದಿಲ್ಲ. ಆ ನೀರನ್ನು ಬಚ್ಚಲಿಗೆ ಚೆಲ್ಲದೆ ಹೊರಗೆ ಚೆಲ್ಲಿ, ಗಿಡದ ಬುಡಕ್ಕೆ ಮಾತ್ರ ಬೇಡ. ನಾನು ಬಚ್ಚಲಿಗೇ ಚೆಲ್ಲಿ, ಮರಳು ಕಟ್ಟಿಕೊಂಡು, ಪೈಪು ಬಿಚ್ಚಿಸಲು ನಾಲ್ಕು ನೂರು ಕೊಟ್ಟೆ. ಅದರ ಅರ್ಧ ತಮ್ಮನಿಂದ ಇನ್ನೂ ಬರಬೇಕು.